ಶಾಲೆ ಟೀಚರ್ ಒಬ್ಬರು ಒಂಬತ್ತು ಸಲ ನ್ಯೂಯಾರ್ಕ್ ಗೆದ್ದ ಕಥೆ: ಯಾರು ಈ ಗ್ರೆಟೆ ವೈಟ್ಸ್?

ನಮ್ಮ ಕಡೆ ಈಗ ಯಾವ ಓಟ ನಡೆದರೂ ಅದಕ್ಕೆ ‘ಮ್ಯಾರಥಾನ್’ ಅಂತಲೇ ಹೆಸರು. ಬಸ್ ಸ್ಟ್ಯಾಂಡ್‌ನಿಂದ ತಾಲೂಕು ಕ್ರೀಡಾಂಗಣದವರೆಗೆ ಮೂರು ಕಿಲೋಮೀಟರ್ ಓಡಿದರೂ ಮ್ಯಾರಥಾನ್, ಜಾಗೃತಿ ಜಾಥಾದಲ್ಲಿ ಐದು ಕಿಲೋಮೀಟರ್ ಓಡಿದರೂ ಮ್ಯಾರಥಾನ್. ಆದರೆ ನಿಜವಾದ ಮ್ಯಾರಥಾನ್ ಅಂದರೆ 42 ಕಿಲೋಮೀಟರ್ 195 ಮೀಟರ್. ಎಷ್ಟೋ ತಾಲೂಕುಗಳಲ್ಲಿ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಿ ಹೋಗುವಷ್ಟು ದೂರ. ಐವತ್ತು ವರ್ಷದ ಹಿಂದೆ ಒಲಿಂಪಿಕ್ಸ್‌ನಲ್ಲಿ ಈ ದೂರ ಓಡಲು ಗಂಡಸರಿಗೆ ಮಾತ್ರ ಅವಕಾಶವಿತ್ತು. ಹೆಂಗಸರ ದೇಹಕ್ಕೆ ಅದು ಆಗೋದಿಲ್ಲ ಅನ್ನೋದು ಆಗಿನ ದೊಡ್ಡವರ ತೀರ್ಮಾನ.

ಆ ತೀರ್ಮಾನ ತಪ್ಪು ಅಂತ ಓಡಿಯೇ ತೋರಿಸಿದವರಲ್ಲಿ ಮುಖ್ಯ ಹೆಸರು ನಾರ್ವೆ ದೇಶದ ಗ್ರೆಟೆ ವೈಟ್ಸ್. ವೃತ್ತಿಯಲ್ಲಿ ಶಾಲಾ ಶಿಕ್ಷಕಿ. ಮೊದಲ ಸಲ ಮ್ಯಾರಥಾನ್‌ಗೆ ನಿಂತಾಗ ಪೂರ್ತಿ ದೂರವನ್ನು ಒಂದು ಸಲವೂ ಓಡಿ ನೋಡಿರಲಿಲ್ಲ. ಆದರೂ ಅವತ್ತೇ ವಿಶ್ವದಾಖಲೆ ಮಾಡಿದರು. ಅವರ ಬದುಕಿನ ಪೂರ್ತಿ ಪರಿಚಯ ಇಲ್ಲಿದೆ.

ಅಣ್ಣಂದಿರ ಹಿಂದೆ ಓಡಿದ ಹುಡುಗಿ

ಗ್ರೆಟೆ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು, ನಾರ್ವೆಯ ರಾಜಧಾನಿ ಓಸ್ಲೋದಲ್ಲಿ. ಹುಟ್ಟುಹೆಸರು ಗ್ರೆಟೆ ಆಂಡರ್ಸನ್. ಸಾಧಾರಣ, ದುಡಿದು ತಿನ್ನುವ ಕುಟುಂಬ. ಮನೆಯಲ್ಲಿ ಇಬ್ಬರು ಅಣ್ಣಂದಿರು, ಇವರೇ ಕೊನೆಯವರು. ಅಣ್ಣಂದಿರ ಆಟಕ್ಕೆ ಸೇರಿಕೊಂಡು ಬೀದಿಯಲ್ಲಿ ಓಡಾಡಿ ಬೆಳೆದ ಹುಡುಗಿ.

ಓಟದ ದಾರಿಗೆ ಬರಲು ಪಕ್ಕದ ಮನೆಯವರ ಪ್ರೋತ್ಸಾಹ ಕಾರಣ. ಅವರು ಅಂತಿಂಥ ನೆರೆಯವರಲ್ಲ, ಟೆರ್ಯೆ ಪೆಡರ್ಸನ್. 1964ರಲ್ಲಿ ಜಾವೆಲಿನ್ ಅನ್ನು ಜಗತ್ತಿನಲ್ಲೇ ಮೊದಲ ಬಾರಿಗೆ 90 ಮೀಟರ್ ದಾಟಿಸಿದ ಆಟಗಾರ. ಹುಡುಗಿಯ ಕಾಲಲ್ಲಿ ಏನೋ ಇದೆ ಅಂತ ಗುರುತಿಸಿ ಓಸ್ಲೋದ ‘ವೀಡಾರ್’ ಕ್ರೀಡಾ ಸಂಘದ ದಾರಿ ತೋರಿಸಿದರು. ಮನೆಯವರು ಮೊದಮೊದಲು ಇದನ್ನು ಅಷ್ಟು ತಲೆಗೆ ಹಚ್ಚಿಕೊಂಡಿರಲಿಲ್ಲ. ಹುಡುಗಿ ಓಡಿ ಏನು ಮಾಡಬೇಕು ಅನ್ನುವ ಕಾಲ ಅಲ್ಲೂ ಇತ್ತು.

ಆಗಿನ ನಿಯಮ ಹೇಗಿತ್ತು?

ಗ್ರೆಟೆಯವರ ಸಾಧನೆಯ ತೂಕ ಗೊತ್ತಾಗಬೇಕಾದರೆ ಆಗಿನ ನಿಯಮ ಗೊತ್ತಿರಬೇಕು.

1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳೆಯರಿಗೆ 800 ಮೀಟರ್ ಓಟ ಇಡಲಾಯಿತು. ಓಟ ಮುಗಿಸಿದವರು ಸುಸ್ತಾಗಿ ಕುಸಿದರು ಅಂತ ಪತ್ರಿಕೆಗಳು ಬಣ್ಣ ಕಟ್ಟಿ ಬರೆದವು. ಓಟ ಮುಗಿಸಿದ ಮೇಲೆ ಗಂಡಸರಿಗೂ ಸುಸ್ತಾಗುತ್ತೆ, ಅದನ್ನು ಯಾರೂ ಕೇಳಲಿಲ್ಲ. ಮಹಿಳೆಯರ 800 ಮೀಟರ್ ಅನ್ನೇ ತೆಗೆದುಹಾಕಿದರು. ಅದು ವಾಪಸ್ ಬಂದಿದ್ದು 1960ರಲ್ಲಿ, ಅಂದರೆ 32 ವರ್ಷದ ನಂತರ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 1500 ಮೀಟರ್ ಸೇರಿತು. ಅದೇ ಅತಿ ಉದ್ದದ ಓಟ. 18 ವರ್ಷದ ಗ್ರೆಟೆ ನಾರ್ವೆ ಪರವಾಗಿ ಅದರಲ್ಲಿ ಓಡಿದರು, ಮೊದಲ ಸುತ್ತಿನಲ್ಲೇ ಹೊರಬಿದ್ದರು. 1976ರ ಮಾಂಟ್ರಿಯಲ್‌ನಲ್ಲಿ ಸೆಮಿಫೈನಲ್‌ವರೆಗೆ ಹೋದರು, ಫೈನಲ್ ಸಿಗಲಿಲ್ಲ. ಅವರಿಗೆ ಆ ದೂರ ಸಾಲುತ್ತಿರಲಿಲ್ಲ. ದೂರ ಹೆಚ್ಚಿದಷ್ಟೂ ಅವರ ಶಕ್ತಿ ಕಾಣುತ್ತಿತ್ತು. 3000 ಮೀಟರ್‌ನಲ್ಲಿ 1975 ಮತ್ತು 1976ರಲ್ಲಿ ಎರಡು ಸಲ ವಿಶ್ವದಾಖಲೆ ಮಾಡಿದ್ದರು. ಆದರೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 3000 ಮೀಟರ್ ಓಟವೇ ಇರಲಿಲ್ಲ. ಕೈಯಲ್ಲಿ ಸರಕಿದ್ದರೂ ಮಾರಲು ಸಂತೆಯೇ ಇಲ್ಲದ ಪರಿಸ್ಥಿತಿ.

ಬೆಳಗ್ಗೆ ಓಟ, ಆಮೇಲೆ ಪಾಠ

ಗ್ರೆಟೆ ಶಿಕ್ಷಕರ ತರಬೇತಿ ಮುಗಿಸಿ ಓಸ್ಲೋದ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. 1975ರಲ್ಲಿ ಜಾಕ್ ನಿಲ್ಸನ್ ಜೊತೆ ಮದುವೆಯಾಯಿತು. ಜಾಕ್ ಕೂಡ ಓಟಗಾರರೇ, ಮುಂದೆ ಅವರೇ ಕೋಚ್ ಆದರು. ದಂಪತಿ ಇಬ್ಬರೂ ‘ವೈಟ್ಸ್’ ಅನ್ನೋ ಹೆಸರು ಇಟ್ಟುಕೊಂಡರು.

ಓಟದಿಂದ ಹೊಟ್ಟೆ ತುಂಬುವ ಕಾಲ ಅದಲ್ಲ. ಹಾಗಾಗಿ ಬೆಳಗಿನ ಜಾವವೇ ಎದ್ದು ಒಂದು ಸುತ್ತು ಓಟ, ಆಮೇಲೆ ಶಾಲೆ, ಸಂಜೆ ಮತ್ತೆ ಓಟ. ಓಸ್ಲೋದ ಚಳಿಗಾಲ ಅಂದರೆ ನಮ್ಮ ಧನುರ್ಮಾಸದ ಚಳಿಯಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ ಬೆಳಗ್ಗೆ 9ರ ಹೊತ್ತಿಗೆ, ಮಧ್ಯಾಹ್ನ 3 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಮುಳುಗಿಬಿಡುತ್ತೆ. ಅಂದರೆ ಕೆಲಸಕ್ಕೆ ಹೋಗುವವರು ಎರಡೂ ಹೊತ್ತು ಕತ್ತಲಲ್ಲೇ, ಹಿಮದ ಮೇಲೇ ಓಡಬೇಕು. ಈ ಟೀಚರ್ ಅದನ್ನೇ ವರ್ಷಗಟ್ಟಲೆ ಮಾಡಿದರು.

1978ರ ಮಾರ್ಚ್‌ನಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್ ಆದರು. ಹೊಲ, ಗುಡ್ಡ, ಕೆಸರು ದಾಟಿ ಓಡುವ ಸ್ಪರ್ಧೆ ಇದು. ಆದರೆ ಅದೇ ವರ್ಷ ಪ್ರಾಗ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 3000 ಮೀಟರ್‌ನಲ್ಲಿ ಮೂರನೇ ಸ್ಥಾನಕ್ಕೆ ಇಳಿದರು. ವಯಸ್ಸು 25 ಆಗುತ್ತಾ ಬಂದಿತ್ತು. ಕೆಲಸ, ಸಂಸಾರ, ದಿನಕ್ಕೆ ಎರಡು ಹೊತ್ತಿನ ಓಟ, ಎಲ್ಲ ಸೇರಿ ಸಾಕಾಗಿತ್ತು. ಓಟ ಬಿಟ್ಟುಬಿಡೋಣ ಅನ್ನುವ ಯೋಚನೆಗೆ ಬಂದಿದ್ದರು.

ಪುಕ್ಕಟೆ ಪ್ರವಾಸ ಅಂತ ಹೋದವರು

ಆಗ ಜಾಕ್ ಒಂದು ಉಪಾಯ ಹೇಳಿದರು. ಹೇಗೂ ಓಟ ಬಿಡುವವಳಿದ್ದೀಯ, ಬಿಡುವ ಮೊದಲು ನ್ಯೂಯಾರ್ಕ್ ಮ್ಯಾರಥಾನ್ ಓಡು, ಅವರ ಖರ್ಚಲ್ಲಿ ಅಮೆರಿಕ ನೋಡಿದ ಹಾಗಾಗುತ್ತೆ, ನಮಗೆ ಎರಡನೇ ಹನಿಮೂನ್ ಆಗುತ್ತೆ ಅಂತ. ಮ್ಯಾರಥಾನ್ ಓಡಿದ ಅನುಭವವೇ ಇಲ್ಲದವರನ್ನು ಕರೆಸಲು ಸಂಘಟಕರು ಮೊದಲು ಒಪ್ಪಲಿಲ್ಲ. ಆದರೆ ಓಟದ ರೂವಾರಿ ಫ್ರೆಡ್ ಲೆಬೋ ಬೇರೆ ಲೆಕ್ಕ ಹಾಕಿದರು. ಟ್ರ್ಯಾಕ್‌ನಲ್ಲಿ ಇಷ್ಟು ವೇಗದ ಹೆಂಗಸು ಮುಂದೆ ಓಡಿದರೆ ಉಳಿದವರಿಗೂ ವೇಗ ಸಿಗುತ್ತೆ, ಅರ್ಧ ದಾರಿಯಲ್ಲಿ ಈಕೆ ನಿಂತರೂ ಪರವಾಗಿಲ್ಲ ಅಂತ. ಅಂದರೆ ಗ್ರೆಟೆಯವರನ್ನು ಕರೆಸಿದ್ದು ಗೆಲ್ಲಲಿ ಅಂತಲ್ಲ, ಬೇರೆಯವರಿಗೆ ವೇಗ ಹಾಕಿಕೊಡಲಿ ಅಂತ.

ಅವತ್ತಿನವರೆಗೆ ಅವರು ಒಮ್ಮೆಗೆ ಓಡಿದ್ದ ಅತಿ ಹೆಚ್ಚಿನ ದೂರ ಸುಮಾರು 20 ಕಿಲೋಮೀಟರ್. ಓಟದ ಹಿಂದಿನ ರಾತ್ರಿ ಗಂಡ ಹೆಂಡತಿ ಹೋಟೆಲಿಗೆ ಹೋಗಿ ಸಿಗಡಿ, ಮಾಂಸ, ವೈನ್, ಐಸ್‌ಕ್ರೀಂ ಅಂತ ಭರ್ಜರಿ ಊಟ ಮಾಡಿದರು. ಮರುದಿನ ಮ್ಯಾರಥಾನ್ ಇರುವವರು ತಿನ್ನುವ ಊಟ ಅದಲ್ಲ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ.

1978ರ ಅಕ್ಟೋಬರ್ 22. ಸ್ಟೇಟನ್ ಐಲ್ಯಾಂಡ್‌ನಿಂದ ಶುರುವಾಗಿ ದೊಡ್ಡ ಸೇತುವೆ ದಾಟಿ, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್ ಸುತ್ತಿ ಮ್ಯಾನ್‌ಹಟನ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಮುಗಿಯುವ ದಾರಿ. ಸುಮಾರು ಹತ್ತು ಸಾವಿರ ಜನ ಓಟಗಾರರು. ಮೊದಲರ್ಧ ಗ್ರೆಟೆಗೆ ಬಹಳ ಸಲೀಸು ಅನ್ನಿಸಿತು. ಕಷ್ಟ ಶುರುವಾಗಿದ್ದು ಆಮೇಲೆ. ರಸ್ತೆ ಬದಿಯ ಬೋರ್ಡ್‌ಗಳಲ್ಲಿ ದೂರ ಮೈಲಿಗಳಲ್ಲಿತ್ತು. ಕಿಲೋಮೀಟರ್ ಲೆಕ್ಕದಲ್ಲಿ ಬೆಳೆದವರಿಗೆ ಇನ್ನೆಷ್ಟು ಉಳಿದಿದೆ ಅನ್ನೋದು ತಿಳಿಯಲಿಲ್ಲ. ಕಾಲು ಹಿಡಿದುಕೊಂಡವು. ಮರಗಳು ಕಂಡಾಗೆಲ್ಲ ಇದೇ ಸೆಂಟ್ರಲ್ ಪಾರ್ಕ್ ಇರಬೇಕು ಅಂದುಕೊಳ್ಳೋದು, ಅಲ್ಲ ಅಂತ ಗೊತ್ತಾಗಿ ಮತ್ತೆ ಓಡೋದು. ಈ ಉಪಾಯ ಕೊಟ್ಟ ಗಂಡನ ಮೇಲೆ ಸಿಟ್ಟು ಏರುತ್ತಲೇ ಹೋಯಿತು.

ಗೆರೆ ದಾಟಿದಾಗ ಗಡಿಯಾರ ತೋರಿಸಿದ್ದು 2 ಗಂಟೆ 32 ನಿಮಿಷ 30 ಸೆಕೆಂಡ್. ಅದುವರೆಗಿನ ಮಹಿಳೆಯರ ವಿಶ್ವದಾಖಲೆಗಿಂತ ಎರಡು ನಿಮಿಷಕ್ಕೂ ಹೆಚ್ಚು ಕಡಿಮೆ. ಎರಡನೇ ಮಹಿಳೆ ಬಂದಿದ್ದು ಸುಮಾರು ಒಂಬತ್ತು ನಿಮಿಷದ ನಂತರ. ಕೊನೇ ಗಳಿಗೆಯಲ್ಲಿ ಸೇರಿಸಿಕೊಂಡಿದ್ದರಿಂದ ಪತ್ರಕರ್ತರ ಕೈಯಲ್ಲಿದ್ದ ಪಟ್ಟಿಯಲ್ಲಿ ಇವರ ಹೆಸರೇ ಇರಲಿಲ್ಲ. ಯಾರು ಈಕೆ, ಯಾವ ದೇಶ ಅಂತ ಎಲ್ಲರೂ ಹುಡುಕಾಡುವ ಹಾಗಾಯಿತು.

ಗ್ರೆಟೆಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಶೂ ಬಿಚ್ಚಿ ಗಂಡನ ಕಡೆ ಎಸೆದು, ಇಂಥ ಹುಚ್ಚು ಕೆಲಸ ಇನ್ನು ಯಾವತ್ತೂ ಮಾಡಲ್ಲ ಅಂದರು. ಆ ಕಾಲಕ್ಕೆ ಗೆದ್ದವರಿಗೆ ಅಧಿಕೃತವಾಗಿ ಬಹುಮಾನದ ಹಣವೂ ಇರಲಿಲ್ಲ. ವಿಶ್ವದಾಖಲೆ ಇಟ್ಟುಕೊಂಡು ಟೀಚರ್ ಓಸ್ಲೋಗೆ, ತಮ್ಮ ಶಾಲೆಗೆ ಹಿಂತಿರುಗಿದರು.

ಇನ್ನೊಂದು ಸ್ವಾರಸ್ಯ ಇದೆ. ಅವತ್ತು ಗಂಡಸರಲ್ಲಿ ಗೆದ್ದ ಬಿಲ್ ರಾಜರ್ಸ್ ಕೂಡ ಒಂದು ಕಾಲಕ್ಕೆ ವಿಶೇಷ ಅಗತ್ಯದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಟೀಚರ್. ಆಮೇಲೆ ಬಾಸ್ಟನ್‌ನಲ್ಲಿ ಓಟದ ಸಾಮಾನಿನ ಅಂಗಡಿ ಇಟ್ಟುಕೊಂಡವರು.

ಯಾವತ್ತೂ ಮಾಡಲ್ಲ ಅಂದವರು ಮತ್ತೆ ಎಂಟು ಸಲ ಗೆದ್ದರು

1979ರಲ್ಲಿ ಗ್ರೆಟೆ ಮತ್ತೆ ನ್ಯೂಯಾರ್ಕ್‌ಗೆ ಬಂದರು. ಈ ಸಲ 2 ಗಂಟೆ 27 ನಿಮಿಷ 33 ಸೆಕೆಂಡ್. ಎರಡೂವರೆ ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಜಗತ್ತಿನ ಮೊದಲ ಮಹಿಳೆ. ಲೆಕ್ಕ ಹಾಕಿದರೆ ಒಂದೊಂದು ಕಿಲೋಮೀಟರ್‌ಗೆ ಮೂರೂವರೆ ನಿಮಿಷ, ಅದೂ 42 ಕಿಲೋಮೀಟರ್ ಪೂರ್ತಿ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಒಂದು ಕಿಲೋಮೀಟರ್ ಅನ್ನು ಈ ವೇಗದಲ್ಲಿ ಓಡಿ ನೋಡಿದರೆ ಸಾಕು, ಇದು ಎಂಥ ಕೆಲಸ ಅನ್ನೋದು ಗೊತ್ತಾಗುತ್ತೆ.

1980ರಲ್ಲಿ ಮೂರನೇ ಗೆಲುವು, ಮೂರನೇ ವಿಶ್ವದಾಖಲೆ. 1981ರಲ್ಲಿ ಕಾಲಿನ ಮುಂಭಾಗದ ಮೂಳೆ ನೋವಿನಿಂದ ಅರ್ಧಕ್ಕೇ ನಿಲ್ಲಿಸಿದರು. ಮತ್ತೆ 1982ರಿಂದ 1986ರವರೆಗೆ ಸಾಲಾಗಿ ಐದು ಗೆಲುವು. ಒಂಬತ್ತನೆಯದು 1988ರಲ್ಲಿ. ನ್ಯೂಯಾರ್ಕ್ ಮ್ಯಾರಥಾನ್ ಓಟದಲ್ಲಿ ಗಂಡಸರಲ್ಲಾಗಲಿ, ಹೆಂಗಸರಲ್ಲಾಗಲಿ ಇಷ್ಟು ಸಲ ಗೆದ್ದವರು ಇನ್ನೊಬ್ಬರಿಲ್ಲ.

ಈ ನಡುವೆ ಶಾಲೆಯ ಕೆಲಸ ಬಿಟ್ಟು ಓಟಕ್ಕೇ ನಿಂತಿದ್ದರು. 1983ರ ಏಪ್ರಿಲ್ 17ರಂದು ಲಂಡನ್‌ನಲ್ಲಿ ನಾಲ್ಕನೇ ವಿಶ್ವದಾಖಲೆ ಬಂತು, 2 ಗಂಟೆ 25 ನಿಮಿಷ 29 ಸೆಕೆಂಡ್. ಆದರೆ ಅದು ಉಳಿದಿದ್ದು ಒಂದೇ ದಿನ. ಮರುದಿನ ಬಾಸ್ಟನ್‌ನಲ್ಲಿ ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 22 ನಿಮಿಷ 43 ಸೆಕೆಂಡ್‌ನಲ್ಲಿ ಓಡಿ ಅದನ್ನು ಮುರಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಮೊಟ್ಟಮೊದಲ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಮಹಿಳಾ ಮ್ಯಾರಥಾನ್ ಚಿನ್ನ ಗ್ರೆಟೆಯದೇ.

ಒಲಿಂಪಿಕ್ಸ್ ಬಾಗಿಲು ತೆರೆದಾಗ

ಗ್ರೆಟೆ ಮತ್ತು ಅವರಂಥ ಓಟಗಾರ್ತಿಯರ ಸಮಯ ನೋಡಿದ ಮೇಲೆ ಹೆಂಗಸರಿಗೆ ಆಗಲ್ಲ ಅನ್ನುವ ವಾದಕ್ಕೆ ನೆಲೆಯೇ ಉಳಿಯಲಿಲ್ಲ. ಕ್ಯಾಥರೀನ್ ಸ್ವಿಟ್ಜರ್ ಅವರಂಥವರು ಬೇರೆ ಬೇರೆ ದೇಶಗಳಲ್ಲಿ ಮಹಿಳಾ ಓಟಗಳನ್ನು ನಡೆಸಿ ಒತ್ತಡ ಹಾಕಿದರು. ಇದೇ ಸ್ವಿಟ್ಜರ್ 1967ರಲ್ಲಿ ಬಾಸ್ಟನ್‌ನಲ್ಲಿ ಓಡುವಾಗ ಅಧಿಕಾರಿಯೊಬ್ಬರು ನಡುದಾರಿಯಲ್ಲೇ ಅವರ ನಂಬರ್ ಕಿತ್ತುಕೊಳ್ಳಲು ಬಂದಿದ್ದರು. ಕೊನೆಗೆ 1981ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಹಿಳಾ ಮ್ಯಾರಥಾನ್‌ಗೆ ಒಪ್ಪಿಗೆ ಕೊಟ್ಟಿತು.

1984ರ ಆಗಸ್ಟ್ 5, ಲಾಸ್ ಏಂಜಲೀಸ್. ಒಲಿಂಪಿಕ್ಸ್ ಚರಿತ್ರೆಯ ಮೊದಲ ಮಹಿಳಾ ಮ್ಯಾರಥಾನ್. ಮೂರು ಮೈಲಿ ಆಗುತ್ತಿದ್ದ ಹಾಗೆ ಜೋನ್ ಬೆನಾಯ್ಟ್ ಗುಂಪು ಬಿಟ್ಟು ಮುಂದೆ ಹೋದರು. ಬಿಸಿಲಿದೆ, ಆಕೆ ಮುಂದೆ ಸೋಲಬಹುದು ಅಂತ ಉಳಿದವರು ಬೆನ್ನಟ್ಟಲಿಲ್ಲ. ಬೆನಾಯ್ಟ್ ಸೋಲಲಿಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡ್‌ನಲ್ಲಿ ಚಿನ್ನ ಅವರಿಗೆ. ಗ್ರೆಟೆ 2 ಗಂಟೆ 26 ನಿಮಿಷ 18 ಸೆಕೆಂಡ್‌ನಲ್ಲಿ ಎರಡನೆಯವರಾಗಿ ಬೆಳ್ಳಿ ಪಡೆದರು. ಪೋರ್ಚುಗಲ್‌ನ ರೋಸಾ ಮೋಟಾ ಮೂರನೆಯವರು.

ಅದೇ ಓಟದಲ್ಲಿ ಸ್ವಿಟ್ಜರ್‌ಲೆಂಡ್‌ನ ಗೇಬ್ರಿಯೆಲಾ ಆಂಡರ್ಸನ್ ಶೀಸ್ ಬಿಸಿಲಿನ ಹೊಡೆತಕ್ಕೆ ಸಿಕ್ಕಿ, ತೂರಾಡುತ್ತಾ ಕ್ರೀಡಾಂಗಣಕ್ಕೆ ಬಂದರು. ಯಾರಾದರೂ ಮುಟ್ಟಿದರೆ ಅನರ್ಹ ಆಗುತ್ತೇನೆ ಅಂತ ವೈದ್ಯರಿಂದ ದೂರ ಸರಿದು, ಕೊನೆಯ ಸುತ್ತಿಗೆ ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡು, 37ನೆಯವರಾಗಿ ಓಟ ಮುಗಿಸಿದರು. 1928ರಲ್ಲಾಗಿದ್ದರೆ ಈ ಒಂದು ದೃಶ್ಯ ಸಾಕಿತ್ತು, ಮಹಿಳಾ ಮ್ಯಾರಥಾನ್ ರದ್ದಾಗಲು. ಆದರೆ 1984ರಲ್ಲಿ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. 44 ಮಹಿಳೆಯರು ಓಟ ಪೂರೈಸಿದರು. ಇನ್ನು ಈ ಓಟವನ್ನು ನಿಲ್ಲಿಸುವ ಮಾತೇ ಬರಲಿಲ್ಲ.

ನಮ್ಮವರಿಗೆ ಆ ಒಲಿಂಪಿಕ್ಸ್ ನೆನಪಿರೋದು ಬೇರೆ ಕಾರಣಕ್ಕೆ. ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡಿದ್ದು ಅದೇ ಲಾಸ್ ಏಂಜಲೀಸ್‌ನಲ್ಲಿ. ಆ ಓಟ ಕೂಡ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಅದೇ ಮೊದಲ ಸಲ ಸೇರಿದ್ದು.

ಗ್ರೆಟೆಗೆ ಒಲಿಂಪಿಕ್ ಚಿನ್ನ ಕೊನೆಗೂ ಸಿಗಲಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್ ಅನ್ನು ನಾರ್ವೆ ಬಹಿಷ್ಕರಿಸಿತ್ತು. 1988ರ ಸೋಲ್‌ನಲ್ಲಿ ಮೊಣಕಾಲು ಕೈಕೊಟ್ಟು ನಡುವೆಯೇ ನಿಲ್ಲಿಸಬೇಕಾಯಿತು. ಅದಾದ ಕೆಲವೇ ವಾರಕ್ಕೆ ನ್ಯೂಯಾರ್ಕ್‌ನಲ್ಲಿ ಒಂಬತ್ತನೇ ಗೆಲುವು ಬಂತು.

ಐದೂವರೆ ಗಂಟೆಯ ಓಟ

ಗ್ರೆಟೆಯವರನ್ನು ನ್ಯೂಯಾರ್ಕ್‌ಗೆ ಮೊದಲು ಕರೆಸಿದ ಫ್ರೆಡ್ ಲೆಬೋ ಅವರಿಗೆ 1990ರಲ್ಲಿ ಮಿದುಳಿನ ಕ್ಯಾನ್ಸರ್ ಇರೋದು ಗೊತ್ತಾಯಿತು. ಚಿಕಿತ್ಸೆ ಪಡೆದು ಸ್ವಲ್ಪ ಚೇತರಿಸಿಕೊಂಡ ಮೇಲೆ, 1992ರಲ್ಲಿ, ತಾವೇ ಕಟ್ಟಿ ಬೆಳೆಸಿದ ಮ್ಯಾರಥಾನ್ ಓಡಲು ನಿರ್ಧರಿಸಿದರು. ವಯಸ್ಸು ಆಗಲೇ 60. ಸ್ಪರ್ಧೆಯಿಂದ ದೂರ ಸರಿದಿದ್ದ ಗ್ರೆಟೆ ಅವರ ಜೊತೆ ಹೆಜ್ಜೆ ಹಾಕಿದರು.

ಎರಡೂವರೆ ಗಂಟೆಯೊಳಗೆ ಮುಗಿಸುತ್ತಿದ್ದ ದಾರಿಗೆ ಅವತ್ತು ಹಿಡಿದಿದ್ದು 5 ಗಂಟೆ 32 ನಿಮಿಷ. ಗೆರೆ ದಾಟುವಾಗ ಇಬ್ಬರ ಕಣ್ಣಲ್ಲೂ ನೀರು. ಇಷ್ಟು ಹೊತ್ತು ರಸ್ತೆ ಮೇಲಿರುವ ಸಾಮಾನ್ಯ ಓಟಗಾರರ ಕಷ್ಟ ಏನು ಅನ್ನೋದು ಗ್ರೆಟೆಗೆ ಅರ್ಥವಾಗಿದ್ದು ಆಗ. ಮುಂದೆ ಬರುವವರಿಗೆ ಎರಡು ಗಂಟೆ ಚಿಲ್ಲರೆ ಕಷ್ಟ. ಹಿಂದೆ ಬರುವವರಿಗೆ ಅದರ ಎರಡು ಪಟ್ಟು. ಲೆಬೋ 1994ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಕೊನೆಯ ವರ್ಷಗಳು

2005ರಲ್ಲಿ ಗ್ರೆಟೆಗೇ ಕ್ಯಾನ್ಸರ್ ಬಂತು. ಯಾವ ಬಗೆಯದು ಅನ್ನೋದನ್ನು ಅವರು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಚಿಕಿತ್ಸೆ ನಡೆಯುತ್ತಿದ್ದಾಗಲೂ ಮೈಯಲ್ಲಿ ಆದಷ್ಟು ಚಟುವಟಿಕೆ ಬಿಡಲಿಲ್ಲ. 2007ರಲ್ಲಿ ‘ಆಕ್ಟಿವ್ ಮೋಟ್ ಕ್ರೆಫ್ಟ್’ ಅನ್ನೋ ಸಂಸ್ಥೆ ಶುರು ಮಾಡಿದರು. ಕ್ಯಾನ್ಸರ್ ವಿರುದ್ಧ ಚಟುವಟಿಕೆಯಿಂದಿರೋಣ ಅಂತ ಇದರ ಅರ್ಥ. ಕ್ಯಾನ್ಸರ್ ಬಂದವರು ಹಾಸಿಗೆ ಹಿಡಿದು ಮಲಗಿಬಿಡಬೇಕು ಅನ್ನುವ ಹಳೇ ನಂಬಿಕೆಗೆ ಬದಲಾಗಿ, ಚಿಕಿತ್ಸೆಯ ಜೊತೆಗೇ ತಜ್ಞರ ನಿಗಾದಲ್ಲಿ ವ್ಯಾಯಾಮ ಮಾಡಲು ನಾರ್ವೆಯ ಆಸ್ಪತ್ರೆಗಳಲ್ಲಿ ಕೇಂದ್ರಗಳನ್ನು ತೆರೆಯೋದು ಈ ಸಂಸ್ಥೆಯ ಕೆಲಸ.

2011ರ ಏಪ್ರಿಲ್ 19ರಂದು ಓಸ್ಲೋದಲ್ಲಿ ಗ್ರೆಟೆ ನಿಧನರಾದರು. 57 ವರ್ಷ ವಯಸ್ಸಾಗಿತ್ತು. ಓಸ್ಲೋದ ಬಿಸ್ಲೆಟ್ ಕ್ರೀಡಾಂಗಣದ ಹೊರಗೆ ಅವರು ಬದುಕಿದ್ದಾಗಲೇ ನಿಲ್ಲಿಸಿದ ಅವರ ಪ್ರತಿಮೆ ಇದೆ, ಓಡುತ್ತಿರುವ ಭಂಗಿಯಲ್ಲಿ.

ಒಂದೇ ನೋಟದಲ್ಲಿ

ಹೆಸರು: ಗ್ರೆಟೆ ವೈಟ್ಸ್ (ಹುಟ್ಟುಹೆಸರು ಗ್ರೆಟೆ ಆಂಡರ್ಸನ್)
ಜನನ: 1953 ಅಕ್ಟೋಬರ್ 1, ಓಸ್ಲೋ, ನಾರ್ವೆ
ನಿಧನ: 2011 ಏಪ್ರಿಲ್ 19, ಓಸ್ಲೋ
ವೃತ್ತಿ: ಶಾಲಾ ಶಿಕ್ಷಕಿ, ನಂತರ ಪೂರ್ಣಾವಧಿ ಓಟಗಾರ್ತಿ
ನ್ಯೂಯಾರ್ಕ್ ಮ್ಯಾರಥಾನ್ ಗೆಲುವು: 9 (1978, 1979, 1980, 1982, 1983, 1984, 1985, 1986, 1988)
ಲಂಡನ್ ಮ್ಯಾರಥಾನ್ ಗೆಲುವು: 2 (1983, 1986)
ವಿಶ್ವ ಚಾಂಪಿಯನ್‌ಷಿಪ್: ಮ್ಯಾರಥಾನ್ ಚಿನ್ನ, 1983
ಒಲಿಂಪಿಕ್ಸ್: ಮ್ಯಾರಥಾನ್ ಬೆಳ್ಳಿ, 1984
ವಿಶ್ವ ಕ್ರಾಸ್ ಕಂಟ್ರಿ ಚಿನ್ನ: 5 (1978, 1979, 1980, 1981, 1983)
ಜೀವನದ ಅತ್ಯುತ್ತಮ ಮ್ಯಾರಥಾನ್ ಸಮಯ: 2 ಗಂಟೆ 24 ನಿಮಿಷ 54 ಸೆಕೆಂಡ್ (ಲಂಡನ್, 1986)

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಯಾವ ಓಟ ಯಾವಾಗ ಸಿಕ್ಕಿತು?

800 ಮೀಟರ್: 1928ರಲ್ಲಿ ಒಮ್ಮೆ, ಮತ್ತೆ 1960ರಿಂದ
1500 ಮೀಟರ್: 1972
3000 ಮೀಟರ್ ಮತ್ತು ಮ್ಯಾರಥಾನ್: 1984
10,000 ಮೀಟರ್: 1988

ಈಗ ಶಾಲೆಯ ಕ್ರೀಡಾಕೂಟದಲ್ಲಿ ಹುಡುಗಿಯರ 3000 ಮೀಟರ್ ಓಟಕ್ಕೆ ಸೀಟಿ ಊದಿದರೆ ಯಾರಿಗೂ ಅದು ವಿಚಿತ್ರ ಅನ್ನಿಸಲ್ಲ. ಗ್ರೆಟೆ ಟೀಚರ್ ಕೆಲಸಕ್ಕೆ ಸೇರಿದ ಕಾಲಕ್ಕೆ ಒಲಿಂಪಿಕ್ಸ್‌ನಲ್ಲೇ ಆ ಓಟ ಇರಲಿಲ್ಲ.